ಬಿ ಬದಿ, ಮೊದಲ ಹಾಡು

ಆ ರಾತ್ರಿ ಟೇಪು ತಿರುಗಿಸುತ್ತಿದ್ದವಳು ನಾನು.
ಪೋರ್ಟ್ ಕೆಂಬ್ಲಾ, ಎಪ್ಪತ್ತೊಂಬತ್ತರ ಫೆಬ್ರುವರಿ,
ಕಬ್ಬಿಣವೇ ಬೆವರುವಂಥ ಸೆಕೆ.
ಪಬ್ಬಿನ ಹಿಂದೆ ನಿಲ್ಲಿಸಿದ ಮೀನಿನ ವ್ಯಾನಿನೊಳಗೆ
ತೊಡೆಯ ಮೇಲೆ ಮಿಕ್ಸರು, ಕಿವಿಗೆ ಹೆಡ್‌ಫೋನು.
ಇವತ್ತಿಗೂ ಆ ತಟ್ಟೆ ಹಾಕಿದರೆ
ನನಗೆ ಮೊದಲು ಬರುವುದು ಸೀಗಡಿಯ ನಾತ,
ಆಮೇಲೆ ಗಿಟಾರು.

ಬ್ಯಾಂಡಿನ ಹೆಸರು ಕೋಲ್ಡ್ ಲ್ಯಾಡಲ್.
ನಾಲ್ವರಲ್ಲಿ ಮೂವರು ಉಕ್ಕಿನ ಕಾರ್ಖಾನೆಯವರು.
ಹಾಡುವ ಡೆರಿಲ್ ಕ್ವಿಗ್ಲಿ ಮಾತ್ರ
ಹಲ್ಲಿನ ಡಾಕ್ಟರ ಹತ್ತಿರ ಪ್ಲಾಸ್ಟರು ಕಲಸುತ್ತಿದ್ದ,
ಪತ್ರಿಕೆಯವರು ಕೇಳಿದರೆ
ತಾನೂ ಕುಲುಮೆಯ ಕೂಸು ಎನ್ನುತ್ತಿದ್ದ.

ಪೂರಾ ಆಲ್ಬಮ್ಮಿಗೆ ದುಡ್ಡಿರಲಿಲ್ಲ.
ನಾಲ್ಕು ಹಾಡಿಗೆ ಇತ್ತು, ಅದೂ ಲೈವ್ ಆದರೆ.
ಸ್ಟುಡಿಯೋ ಬಾಡಿಗೆ ಉಳಿಯಿತಲ್ಲ
ಎಂದರು. ಧೈರ್ಯ ಎಂದು ಆಮೇಲೆ ಬರೆದರು ಜನ.

ಎ ಬದಿಯ ಎರಡು ಹಾಡು ನಿಮಗೆ ಗೊತ್ತು.
ನೆವಿಲ್ ತಂತಿಗೆ ಕೈ ಹಾಕಿದನೆಂದರೆ
ಗೋಡೆಗೆ ನೇತುಹಾಕಿದ ಕುದುರೆಗಳ ಪಟ
ಒಂದೊಂದಾಗಿ ಬಾಗುತ್ತಿದ್ದವು,
ಬಿಯರು ಗ್ಲಾಸಿನಲ್ಲಿ ಉಂಗುರ ಉಂಗುರ ಏಳುತ್ತಿತ್ತು,
ಹಾಡು ಕಿವಿಗೆ ಬರುವ ಮುಂಚೆ
ಅಂಗಾಲಿಗೆ ಬರುತ್ತಿತ್ತು.

ಬಿ ಬದಿ. ಮೊದಲ ಹಾಡಿನ ನಟ್ಟನಡುವೆ
ಫ್ಯೂಸು ಹೋಯಿತು.
ಗಿಟಾರು ಸತ್ತಿತು. ಬೇಸು ಸತ್ತಿತು.
ಡೆರಿಲ್ ಬಾಯಿ ತೆರೆದದ್ದು ತೆರೆದಂತೆ, ಮೀನಿನ ಹಾಗೆ.
ನನ್ನ ಯಂತ್ರಕ್ಕೆ ಪಕ್ಕದ ಮೀನಂಗಡಿಯ ಕರೆಂಟು,
ಅದು ತಿರುಗುತ್ತಲೇ ಇತ್ತು.

ಹನ್ನೊಂದು ಸೆಕೆಂಡು.
ಕತ್ತಲಲ್ಲಿ ಬ್ಲಾಗೋಯಾ ಒಬ್ಬನೇ ಡ್ರಮ್ಮು ಬಿಡಲಿಲ್ಲ.
ಧಿಮ್, ಧಿಮ್, ಯಾರದೋ ಕೆಮ್ಮು, ಒಂದು ಗ್ಲಾಸು ಒಡೆದದ್ದು,
ಮತ್ತೆ, ಬಾಗಿಲ ಕಡೆಯಿಂದ, ಸೀಳಿಕೊಂಡು ಬಂದ
ಹೆಂಗಸಿನ ಕೂಗು:
ಬ್ಲಾಝೆ! ಸ್ಮೆನಾತಾ!

ಕಂಪನಿಯವರು ಕತ್ತರಿಸು ಎಂದರು.
ಕತ್ತರಿಸಿದರೆ ಟೇಪೇ ತುಂಡಾಗುತ್ತೆ ಅಂದೆ.
ಸುಳ್ಳು. ಬ್ಲೇಡು ಜೇಬಿನಲ್ಲೇ ಇತ್ತು.

ಆಮೇಲಿನದು ಕೇಳಬೇಡಿ.
ಡಾರ್ಟ್‌ಮುಂಡಿನ ಹುಡುಗನೊಬ್ಬ ಐದು ಹಾಳೆ ಬರೆದ,
ಅದು ಸೈತಾನನ ಹೆಸರಂತೆ, ಹಿಂದುಮುಂದಾಗಿ ಓಡಿಸಿದರೆ
ಸತ್ತವರು ಉತ್ತರ ಕೊಡುತ್ತಾರಂತೆ.
ಒಸಾಕಾದಲ್ಲಿ ಯಾರೋ ಅದನ್ನು
ಬೆನ್ನಿಗೆ ಹಚ್ಚೆ ಹಾಕಿಸಿಕೊಂಡ, ಕಾಗುಣಿತ ತಪ್ಪಾಗಿ.

ಅದು ಮ್ಯಾಸಿಡೋನಿಯನ್ ಮಾತು, ಮಕ್ಕಳೇ.
ಸ್ಮೆನಾತಾ ಎಂದರೆ ಶಿಫ್ಟು.
ಬಾಗಿಲಲ್ಲಿ ನಿಂತವಳು ಅವನಮ್ಮ ವಾಸಿಲ್ಕಾ,
ಒಂದು ಕೈಯಲ್ಲಿ ಹೆಲ್ಮೆಟ್ಟು, ಇನ್ನೊಂದರಲ್ಲಿ
ಸುಟ್ಟ ಮೆಣಸಿನಕಾಯಿ ಪಲ್ಯದ ಡಬ್ಬಿ.
ಹನ್ನೊಂದಕ್ಕೆ ಅವನ ರಾತ್ರಿಪಾಳಿ,
ಆಗಲೇ ಹತ್ತೂ ಮುಕ್ಕಾಲು.

ಫ್ಯೂಸು ಬಂತು, ಗಿಟಾರು ಕರಾರುವಾಕ್ಕಾಗಿ
ತಾಳದ ಮೇಲೇ ಬಂದು ಕೂತಿತು,
ಹಾಡು ಮುಗಿಸಿ ಬ್ಲಾಗೋಯಾ ಅಂಗಿ ಹುಡುಕಿಕೊಂಡು ಹೊರಟ.
ಕೊನೆಯ ಹಾಡಿಗೆ ಡ್ರಮ್ಮಿಲ್ಲ.
ಅಲ್ಲಿ ಕೇಳುವುದು ಇನ್ನೂರು ಜನರ ಬೂಟು,
ಹಲಗೆಯ ನೆಲ, ಒಂದೊಂದು ಸಲ ತಪ್ಪಿದ ಲೆಕ್ಕ.
ವಿಮರ್ಶಕನೊಬ್ಬ ಬರೆದ, ಎಂಥ ದಿಟ್ಟ ಪ್ರಯೋಗ!
ಬ್ಲಾಗೋಯಾನಿಗೆ ಕಾಲು ಗಂಟೆಯ ಕೂಲಿ ಕಡಿತ.

ಹೊದಿಕೆಯ ಮೇಲೆ ವಾಸಿಲ್ಕಾಳ ಹೆಸರೂ ಹಾಕಿಸಿದೆ.
ಅವಳು ತಟ್ಟೆ ಕೇಳಲೇ ಇಲ್ಲ.
ವರ್ಷಕ್ಕೊಮ್ಮೆ ಲಕೋಟೆ ಒಯ್ದು ಕೊಡುತ್ತಿದ್ದೆ,
ನಾಲ್ಕು ಡಾಲರು, ಚಿಲ್ಲರೆ. ಎಣಿಸಿ ಒಳಗಿಡುತ್ತಿದ್ದಳು,
ಕೂಗಿದ್ದಕ್ಕೂ ದುಡ್ಡು ಕೊಡುವ ದೇಶ ಎಂದು
ನನ್ನನ್ನೇ ಅನುಮಾನದಿಂದ ನೋಡಿ.

ಒಂದು ಸಲ ಅವಳೇ ಹೇಳಿದಳು.
ಆ ರಾತ್ರಿ ಬಸ್ಸಿನಲ್ಲೂ ಹುಡುಗನ ಕೈ ನಿಲ್ಲಲಿಲ್ಲ,
ಡಬ್ಬಿಯ ಮುಚ್ಚಳದ ಮೇಲೆ ಬಡಿಯುತ್ತಲೇ ಇದ್ದ,
ಪಲ್ಯ ಚೆಲ್ಲುತ್ತೆ ಅಂದರೂ ಕೇಳದೆ.
ಕೊನೆಗೆ ಮುಂಗೈ ಮೇಲೆ ಒಂದೇಟು ಹಾಕಿದೆ, ಹೀಗೆ,
ಎಂದು ಮೇಜಿಗೆ ಹೊಡೆದು ತೋರಿಸಿದಳು.

ಸರಿಯಾಗಿ ತಾಳಕ್ಕೇ ಬಿತ್ತು.