ಹೆಣ ಎಲ್ಲಿ?

ಹೆಕ್ಟೇರಿಗೆ ಇಪ್ಪತ್ತನಾಲ್ಕು.
ಮೇ ತಿಂಗಳ ಬಿಸಿಲಲ್ಲಿ ಏಣಿ ಹೊತ್ತು
ವಲೆನ್ಸಿಯಾದ ಕಿತ್ತಳೆ ತೋಪುಗಳಲ್ಲಿ
ಹಳದಿ ಮುಚ್ಚಳದ ಡಬ್ಬಿ ನೇತುಹಾಕುವುದು ನನ್ನ ಕೆಲಸ.
ಒಳಗೆ ಒಂದಿಷ್ಟು ಜೆಲ್ಲಿ.
ನೊಣ ಬರುತ್ತದೆ, ನೆಕ್ಕುತ್ತದೆ,
ಬಾಯೊರೆಸಿಕೊಂಡು ಹೋಗುತ್ತದೆ.

"ಹೋಗುತ್ತದೆ?" ಎಂದ ಬತಿಸ್ತೆ.
"ಹೋಗುತ್ತದೆ."
"ಸಾಯುವುದಿಲ್ಲ?"
"ಇಲ್ಲ. ಅದರ ಮೊಟ್ಟೆ ಒಡೆಯುವುದಿಲ್ಲ, ಅಷ್ಟೆ."
ಎಪ್ಪತ್ತೊಂಬತ್ತರ ಮುದುಕ ಪಕ್ಕಕ್ಕೆ ಉಗಿದ.
"ಊಟ ಹಾಕಿ ಕಳಿಸುತ್ತೀ ಅನ್ನು, ರೆಮೇಯ್."

ಅವನ ಕಾಲದ ಔಷಧಿ ಹಾಗಿರಲಿಲ್ಲ.
ಬೆನ್ನಿಗೆ ತಾಮ್ರದ ಪಂಪು, ಮೂಗಿಗೆ ಕರ್ಚೀಫು,
ಸಂಜೆ ಮರದ ಬುಡದಲ್ಲಿ ಎಣಿಸಬಹುದಾದ ಸಾವು:
ನೊಣ, ಜೇನು, ಗುಲಗಂಜಿ ಹುಳು,
ಒಂದು ಸಲ ತಂಗಿಯ ಬೆಕ್ಕು.
ಆ ವಾಸನೆ ಅಂಗಿ ಬಿಟ್ಟು ಇನ್ನೂ ಹೋಗಿಲ್ಲ ಎನ್ನುವಾಗ
ದನಿಯಲ್ಲಿದ್ದದ್ದು ದೂರೋ ಹೆಮ್ಮೆಯೋ ತಿಳಿಯಲಿಲ್ಲ.

ಆಮೇಲೆ ಹೋದಾಗಲೆಲ್ಲ ಒಂದೇ ಪ್ರಶ್ನೆ:
"ಹೆಣ ಎಲ್ಲಿ?"

ಲ್ಯಾಬಿನಲ್ಲಿ, ಮಸೂರದ ಕೆಳಗೆ, ಸಾಲು ಮೊಟ್ಟೆ.
ಬಿಳಿ, ಸಣ್ಣ, ಬಾಳೆಕಾಯಿಯ ಹಾಗೆ ಬಾಗಿದವು.
ಒಳಗೆ ಹುಳು ಮೂಡಿದೆ,
ಕಪ್ಪು ಬಾಯಿಕೊಕ್ಕೆ ಕೂಡ ಕಾಣುತ್ತದೆ.
ಚಿಪ್ಪು ಸೀಳುವ ಬಲವಿಲ್ಲ.
ನೂರಕ್ಕೆ ಮೂರು ಒಡೆದಿದ್ದವು. ಬರೆದುಕೊಂಡೆ.
ಈ ಹೆಣವನ್ನು ಅವನಿಗೆ ತೋರಿಸುವುದು ಹೇಗೆ,
ಇನ್ನೂ ಹುಟ್ಟದ್ದನ್ನು?

ಅಕ್ಟೋಬರಿನಲ್ಲಿ ಮೊದಲ ಕಾಯಿಗಳು ಬಣ್ಣ ತಿರುಗಿದವು.
ಬತಿಸ್ತೆ ಒಂದನ್ನು ಕಿತ್ತ.
ಸಿಪ್ಪೆಯ ಮೇಲೆ ಸೂಜಿಮೊನೆಯ ಗಾಯ,
ಸುತ್ತ ಮಾಸಿದ ಉಂಗುರ.
ಗೆದ್ದವನ ಹಾಗೆ ನನ್ನತ್ತ ನೋಡಿ
ಚಾಕು ಹಾಕಿದ.
ತೊಳೆ ತೊಳೆ ಬಿಡಿಸಿ ಬಿಸಿಲಿಗೆ ಹಿಡಿದ.
ಏನೂ ಇಲ್ಲ.
ಇನ್ನೊಂದು. ಇಲ್ಲ.
ಆರನೆಯದರಲ್ಲಿ ಒಂದೇ ಒಂದು ಹುಳು ಹೊರಳಿತು.
"ನೋಡು!" ಎಂದವನ ಮುಖದಲ್ಲಿ
ಹಳೆಯ ಗೆಳೆಯ ಸಿಕ್ಕಿದಷ್ಟು ಬೆಳಕು.
ಉಳಿದ ಐದನ್ನು, ಗಾಯದ ಜಾಗ ಕೆತ್ತಿ,
ಇಬ್ಬರೂ ತಿಂದೆವು.

ಅಷ್ಟರಲ್ಲಿ ರಸ ಅಂಟಿದ ಅವನ ಹೆಬ್ಬೆರಳಿಗೆ
ನೊಣವೊಂದು ಬಂದು ಕೂತಿತು.
ಮಚ್ಚೆ ರೆಕ್ಕೆ, ಹಸಿರು ಮಿಂಚುವ ಕಣ್ಣು.
ಬಾಲದ ಸೂಜಿ ಇಳಿಬಿಟ್ಟು
ಅವನ ಒರಟು ಚರ್ಮದಲ್ಲಿ
ಹಣ್ಣನ್ನು ಹುಡುಕುತ್ತಿತ್ತು.
ಇನ್ನೊಂದು ಕೈ ಮೇಲೆತ್ತಿದವನು
ಅಲ್ಲೇ ನಿಂತ.
"ಇದಕ್ಕೆ ಗೊತ್ತೇನು?"

ನನ್ನ ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲ.

ನೀರಿನ ಸರದಿ ಬಂತೆಂದು
ಕಾಲುವೆಯ ಕಡೆಯಿಂದ ಯಾರೋ ಕೂಗಿದರು.
ಬೆರಳು ಕದಲಿಸದೆ ಅವನು
"ಬಂದೆ" ಎಂದ.