ಶನಿವಾರದ ತರಗತಿ

ರಾತ್ರಿ ಪಾಳಿ ಮುಗಿಸಿ
ಮೈಮೇಲಿನ ಕಬ್ಬಿನ ರಚ್ಚು ಕೊಡವಿ
ಸೀದಾ ಮಂಡ್ಯದ ಕಾಲೇಜಿಗೆ.
ಫೀಜು ಮಿಲ್ಲಿನದು, ಆಕಳಿಕೆ ನನ್ನದು.

ಇಪ್ಪತ್ತೇಳು ವರ್ಷದ ಮೇಲೆ ಲಾಗರಿದಮ್ಮು!
ಪಾಠ ಹೇಳುವವಳು ಸಿಂಚನಾ,
ತೂಕದಮನೆ ಬೋರಲಿಂಗಯ್ಯನ ಮಗಳು.
'ಸಾರ್, ಈ ಗೆರೆ ನೋಡಿ,
ಬೇರಿಂಗು ಒಡೆಯೋ ಹದಿನೈದು ದಿನ ಮೊದಲೇ
ನರಳೋಕೆ ಶುರು ಮಾಡುತ್ತೆ.'

ಗೊತ್ತಿತ್ತು ಕಣವ್ವ, ಅಂಗೈಗೆ.
ಬಾಯಿಗೆ ಬಂದಿರಲಿಲ್ಲ, ಅಷ್ಟೆ.

ಮುಂದಿನ ವಾರ ಅವಳೇ ಮಿಲ್ಲಿಗೆ ಬಂದಳು,
ಹೆಲ್ಮೆಟ್ಟು ಹುಬ್ಬಿನ ತನಕ.
ಮೂರನೇ ಪಂಪಿನ ಮೇಲೆ ಕೈಯಿಡಿ ಮೇಡಂ, ಅಂದೆ.
ಇಟ್ಟಳು. ಸೈರನ್ನು ಕೂಗಿತು, ಪಾಳಿ ಬದಲಾಯಿತು,
ತೆಗೆಯಲಿಲ್ಲ.
ಆಮೇಲೆ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡಳು.
ನಾನು ಕೇಳಲಿಲ್ಲ.

ಸೋಮವಾರ ಪರೀಕ್ಷೆ.
ಕೈಗೆ ಸ್ಪ್ಯಾನರಿನ ಅಭ್ಯಾಸ;
ಪೆನ್ನು ಒತ್ತಿ ಹಾಳೆ ಹರಿಯದಿದ್ದರೆ ಸಾಕು.