ಬೈತಖೋಲದ ಹುರುಪೆ

ಬಕೆಟ್ಟಿನ ಮೇಲೆ ಬರೆದಿದ್ದೇನೆ:
ಶೇವಟೆ, ಮಂಗಳವಾರ, ನಾಲ್ಕು ಕಿಲೋ.
ಅದರಲ್ಲಿ ಅರ್ಧ ಕಿಲೋ ಮರಳಿರಬಹುದು,
ಒಂದು ಬೀಡಿತುಂಡಂತೂ ಇದೆ.

"ಇಷ್ಟು ವರ್ಷ ಕಾಗೆಗೆ ಬಿಟ್ಟಿ ಹಾಕ್ದೆ,
ಕಾಗೆ ಒಂದಿನಾನೂ ಚೀಟಿ ಬರೀಲಿಲ್ಲ"
ಅನ್ನುತ್ತಾಳೆ ತುಳಸು, ಈಳಿಗೆಯಿಂದ ಕಣ್ಣೆತ್ತದೆ.
ಕಿಲೋಗೆ ಹನ್ನೆರಡು ಅಂದರೆ ಹದಿನೈದು.
ಹದಿನೈದೇ ಆಯಿತು.

ಲ್ಯಾಬಿನಲ್ಲಿ ಏಳು ನೀರಿನಲ್ಲಿ ತೊಳೆದು,
ಹುಳಿನೀರಲ್ಲಿ ಮೂರು ದಿನ ಫ್ರಿಜ್ಜಿನಲ್ಲಿಟ್ಟು,
ಕೊನೆಗೆ ಉಪ್ಪು ಹಾಕಿದಾಗ
(ಸಮುದ್ರದ ನೆನಪು ಬಂದೀತೇನೋ)
ಮೋಡದಂಥದು ಮೆಲ್ಲಗೆ ತಳ ಸೇರುತ್ತದೆ.
ಒಣಗಿಸಿದರೆ ಬೆಳ್ಳಗೆ, ತೆಳ್ಳೇವಿನಷ್ಟು ತೆಳು.
ವಾಸನೆಯೇ ಇಲ್ಲ.
ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಮಾತ್ರ
ಇನ್ನೂ ಖಾಲಿ.

ಒಂದು ತುಣುಕು ಡಬ್ಬಿಯಲ್ಲಿ ಒಯ್ದು ತೋರಿಸಿದೆ.
"ಇದು ನಂದಾ?"
"ನಿಂದೇ. ಗಾಯಕ್ಕೆ ಹಾಸೋದು.
ಚಪ್ಪರಕ್ಕೆ ಬಸಳೆ ಹಬ್ಬಿದ ಹಾಗೆ
ಇದರ ಮೇಲೆ ಚರ್ಮ ಹಬ್ಬುತ್ತದೆ."

ಎಡಗೈ ಚಾಚಿದಳು.
ಹೆಬ್ಬೆರಳ ಬುಡದಲ್ಲಿ ನಿನ್ನೆಯ ಸೀಳು,
ಉಪ್ಪುನೀರಿಗೆ ಬಿಳಿಚಿ, ಬಾಯಿಬಿಟ್ಟುಕೊಂಡು.

"ಸದ್ಯ ಇಲಿಗಳಿಗಷ್ಟೇ," ಅಂದೆ,
"ಮನುಷ್ಯರಿಗಾದರೆ ಒಪ್ಪಿಗೆ ಬೇಕು."
"ಇಲಿ ಹತ್ರ ಕೇಳಿದ್ರಾ?"

ದಕ್ಕೆಗೆ ಬೋಟೊಂದು ತಾಗಿತು. ಐಸು ಒಡೆಯುವ ಸದ್ದು.
ಸೀಳಿಗೆ ಅರಿಶಿನ ಮೆತ್ತಿ,
ಹಳೇ ಸೀರೆಯಂಚು ಸುತ್ತಿ, ಹಲ್ಲಿನಿಂದ ಗಂಟೆಳೆದು
ಮುಂದಿನ ಶೇವಟೆಯ ಬಾಲ ಹಿಡಿದಳು.

ಹುರುಪೆಯೊಂದು ಸಿಡಿದು
ನನ್ನ ಕನ್ನಡಕಕ್ಕೆ ಅಂಟಿತು.
"ಅದ್ನೂ ತೂಕಕ್ಕೆ ಹಾಕು" ಅಂದಳು.